ಹತ್ತು ಗಂಟೆಗೆ ಆರುವ ಇಂಟರ್ನೆಟ್ ದೀಪ

ಆಂಧ್ರದ ಗಡಿಯಲ್ಲಿರುವ ನಮ್ಮ ರಾಯದುರ್ಗದ ಮನೆಮನೆಯಲ್ಲೂ ಜೀನ್ಸ್ ಹೊಲಿಯುತ್ತಿದ್ದ ಕಾಲ ಅದು. ನಮ್ಮ ನಡುಮನೆಯಲ್ಲೂ ನಾಲ್ಕು ಮಷಿನ್‌ಗಳಿದ್ದವು. ಬಳ್ಳಾರಿಯ ವ್ಯಾಪಾರಿ ಹೊಸ ಡಿಸೈನಿನ ಚಿತ್ರಗಳನ್ನು ಇಮೇಲಿನಲ್ಲಿ ಕಳಿಸತೊಡಗಿದ ಮೇಲೆ ಮನೆಯ ಫೋನಿಗೇ ಇಂಟರ್ನೆಟ್ ಹಾಕಿಸಿಕೊಂಡೆವು. ಕಂಪ್ಯೂಟರ್ ನನ್ನ ಪಾಲಿಗೆ ಬಂತು. ಯಜಮಾನರು ಮೌಸ್ ಮುಟ್ಟದೆ ಹೊಲಿಗೆ ಮಷಿನ್ ಕಡೆ ಹೋಗುತ್ತಿದ್ದರು.

ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ಮೋಡೆಮ್ಮಿನ ಹಸಿರು ದೀಪ ಮಿಣುಕಾಡಿ ಆರಿಹೋಗುತ್ತಿತ್ತು. ಫೋನಿನಲ್ಲೂ ಗರಗರ ಸದ್ದು. ಮಧ್ಯಾಹ್ನ ಮೂರಕ್ಕೆ ತಾನಾಗಿಯೇ ಎಲ್ಲ ಸರಿ. ಒಮ್ಮೆ ಪರದೆಯ ಮೇಲೆ ತೆರೆದುಕೊಳ್ಳುತ್ತಿದ್ದ ಪ್ಯಾಂಟಿನ ಚಿತ್ರ ಸೊಂಟದಿಂದ ಇಳಿಯುತ್ತಾ ಮೊಣಕಾಲಿಗೆ ಬಂದು ನಿಂತೇಬಿಟ್ಟಿತು. ಯಜಮಾನರು ಉಳಿದದ್ದನ್ನು ಅಂದಾಜಿನ ಮೇಲೆ ಹೊಲಿದು ಕಳಿಸಿದರು.

"ಮೊಣಕಾಲ ಕೆಳಗ ಎರಡು ಜೇಬು ಇರಬೇಕಿತ್ತಲ್ರಿ, ಎಲ್ಲಿ ಹೋದ್ವು?" ಎಂದು ವ್ಯಾಪಾರಿ ಕೇಳಿದ.

ಫೋನ್ ಕಚೇರಿಗೆ ದೂರು ಕೊಟ್ಟರೆ ಅಲ್ಲಿಯವರು ತೆಲುಗಿನಲ್ಲಿ, ಒಂದು ಸಲ ಆಫ್ ಮಾಡಿ ಆನ್ ಮಾಡಿ ಎಂದರು. ಈ ಮದ್ದು ನಮ್ಮ ಅತ್ತೆಗೆ ಬಹಳ ಹಿಡಿಸಿತು. ಹೋಗುತ್ತಾ ಬರುತ್ತಾ ಒತ್ತಿ ಒತ್ತಿ ಸ್ವಿಚ್ಚೇ ಸಡಿಲವಾಯಿತು.

ಲೈನ್‌ಮನ್ ಎರಡು ಸಲ ಬಂದ, ಎರಡೂ ಸಲ ಸಂಜೆ. "ಲೈನ್ ಚಲೋ ಐತ್ರಿ ಅಕ್ಕಾರ," ಎಂದ.

ಅತ್ತೆ ರೇಗಿದರು. "ಜ್ವರ ಇಳಿದ ಮ್ಯಾಲೆ ಬಂದು ಜ್ವರ ಇಲ್ಲಂತೀರಲ್ಲ! ಬೆಳಿಗ್ಗೆ ಬರ್ರಿ."

ಮೂರನೇ ಸಲ ಅವನು ಬೆಳಿಗ್ಗೆ ಬರುವಷ್ಟರಲ್ಲಿ ದೀಪ ಆರಿತ್ತು. ತಂತಿಯ ಜಾಡು ಹಿಡಿದು ಮಾಳಿಗೆ ಹತ್ತಿದ. ನಾನೂ ಹಿಂದೆಯೇ ಹೋದೆ. ಕಂಬದಿಂದ ಬಂದ ಫೋನ್ ತಂತಿ ಅಲ್ಲಿ ತಲೆಯೆತ್ತರದಲ್ಲಿ ಹಾದುಹೋಗಿತ್ತು. ಅದರ ಮೇಲೆ ಐದು ಜೀನ್ಸ್ ಪ್ಯಾಂಟುಗಳು ನೀರು ತೊಟ್ಟಿಕ್ಕುತ್ತಾ ಜೋತುಬಿದ್ದಿದ್ದವು. ಬಣ್ಣ ಬಿಡುತ್ತದೆಯೋ ನೋಡಲೆಂದು ಸ್ಯಾಂಪಲ್‌ಗಳನ್ನು ದಿನಾ ಒಗೆದು ಹಾಕುವವರು ಅತ್ತೆ. ಒದ್ದೆ ಬಟ್ಟೆಯ ಭಾರಕ್ಕೆ ತಂತಿ ಜಗ್ಗಿ, ಮೂಲೆಯಲ್ಲಿದ್ದ, ಈಚೆಗೆ ಸಡಿಲಾಗಿದ್ದ ಹಳೆಯ ಜಾಯಿಂಟ್ ಬಿಟ್ಟುಕೊಳ್ಳುತ್ತಿತ್ತು. ಒಣಗಿ ಹಗುರಾದಾಗ ಮತ್ತೆ ಕೂಡುತ್ತಿತ್ತು.

"ಇದು ಫೋನ್ ಲೈನ್ ಏನ್ರಿ, ಪ್ಯಾಂಟ್ ಲೈನ್ ಏನ್ರಿ?" ಎಂದ ಲೈನ್‌ಮನ್.

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ತಿರುಗಿದರೆ, ಮೆಟ್ಟಿಲ ಮೇಲೆ ಅತ್ತೆ ನಿಂತಿದ್ದರು. ಬಂದವರೇ ಐದೂ ಪ್ಯಾಂಟು ತೆಗೆದು ಹೆಗಲಿಗೆ ಹಾಕಿಕೊಂಡು ಇಳಿದರು. ಅವರ ಸೀರೆಯೆಲ್ಲ ನೀಲಿಯಾಯಿತು.

ಲೈನ್‌ಮನ್ ಹೊಸ ಜಾಯಿಂಟ್ ಹಾಕಿ ಬಂದ. ಅತ್ತೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಕೊಟ್ಟು ಅವನೆದುರೇ ಕೂತರು.

"ಪ್ಯಾಂಟ್ ಭಾರ, ಒಪ್ಪಿದೆ. ಸೀರಿ ಹಾಕಬೌದಲ್ರಿ?"

"ಬ್ಯಾಡ್ರಿ ಅಮ್ಮಾರ."

"ಟವಲ್ಲು?"

"ಅದೂ ಬ್ಯಾಡ್ರಿ."

ಅತ್ತೆ ಅವನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದರು. "ಹಂಗಾರ ಅಷ್ಟುದ್ದ ತಂತಿ ಸುಮ್ನ ಯಾಕ ಕಟ್ಟೀರಿ?"

ಲೈನ್‌ಮನ್ ಮಿರ್ಚಿ ಕಚ್ಚಿದ. ಮರುವಾರ ಬಂದು ತಂತಿಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿ ಹೋದ.