ಕಾಲು ಮುಂದಾಗಿ ಹುಟ್ಟಿದ ಮೇಷ್ಟ್ರು

ಕಿತ್ತಳೆ ಬಣ್ಣದ ಐಸ್ ಕ್ಯಾಂಡಿಗೆ ಕಿತ್ತಳೆ ಹಣ್ಣಿನ ವಾಸನೆ ಇರುವುದಿಲ್ಲ. ಅದಕ್ಕೆ ಅದರದೇ ಒಂದು ವಾಸನೆ, ಸಕ್ಕರೆ ಪಾಕಕ್ಕೆ ಔಷಧಿ ಬೆರೆಸಿದಂಥದ್ದು. ಲಕ್ಕೂರಿನ ಹತ್ತಿರದ ಶಾಲೆಯೊಂದರಲ್ಲಿ ನಾನು ಪಿ.ಟಿ. ಟೀಚರ್. ಕಳೆದ ವಾರ ಖೋ-ಖೋ ಆಡುತ್ತಿದ್ದ ಹುಡುಗಿಯೊಬ್ಬಳ ಕಾಲು ಉಳುಕಿತು. ಐಸ್ ಬೇಕಿತ್ತು, ಶಾಲೆಯಲ್ಲಿ ಫ್ರಿಜ್ ಇಲ್ಲ. ಎದುರಿನ ಅಂಗಡಿಯಿಂದ ಐಸ್ ಕ್ಯಾಂಡಿ ತರಿಸಿ, ಟವಲಿನಲ್ಲಿ ಸುತ್ತಿ ಅವಳ ಕಾಲಿನ ಗಿಣ್ಣಿಗೆ ಒತ್ತಿ ಹಿಡಿದೆ. ಕರಗಿದ ನೀರು ಕೈಗೆ ಅಂಟುತ್ತಿದ್ದಂತೆ ಆ ವಾಸನೆ ಬಂತು. ನನ್ನ ಮಟ್ಟಿಗೆ ಅದು ನಮ್ಮ ಪಿ.ಟಿ. ಮೇಷ್ಟ್ರ ವಾಸನೆ.

ನಾನು ಓದಿದ್ದು ಕ್ಯಾಲನೂರಿನ ಕಡೆಯ ಹೈಸ್ಕೂಲಿನಲ್ಲಿ. ಮೇಷ್ಟ್ರು ಕುಳ್ಳಗಿದ್ದರು, ಕೊರಳಲ್ಲಿ ಸದಾ ವಿಶಲ್ ನೇತಾಡುತ್ತಿತ್ತು. ಆದರೆ ಅವರು ಸುತ್ತಲ ಹಳ್ಳಿಗಳಲ್ಲಿ ಹೆಸರಾಗಿದ್ದು ವಿಶಲ್‌ನಿಂದಲ್ಲ, ಎಡಗಾಲಿನಿಂದ. ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರು ಉಳುಕಿದ ಜಾಗಕ್ಕೆ ತಮ್ಮ ಕಾಲು ಸೋಕಿಸಿದರೆ ಉಳುಕು ಹೋಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಮೇಷ್ಟ್ರು ಹಾಗೆ ಹುಟ್ಟಿದವರು. ಸೊಂಟ ಹಿಡಿದವರು, ಡೈರಿಗೆ ಹಾಲು ಹಾಕಲು ಹೋಗಿ ಚರಂಡಿಗೆ ಕಾಲಿಟ್ಟವರು, ಎಲ್ಲರೂ ಸಾಯಂಕಾಲ ಶಾಲೆಯ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಓದಿದ ಮನುಷ್ಯ ಊರವರಿಗೆಲ್ಲ ಒದೆಯುತ್ತಾ ಕೂತಿದ್ದಾನೆ ಎಂದು ಉಳಿದ ಮೇಷ್ಟ್ರುಗಳು ಗೇಲಿ ಮಾಡುತ್ತಿದ್ದರು. ಅವರು ಅದಕ್ಕೆಲ್ಲ ಸೊಪ್ಪು ಹಾಕಿದವರಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಖೋ-ಖೋ ಕಂಬ ಹಿಡಿದು ತಿರುಗುವ ಹೊತ್ತಿಗೆ ಬಲಗಾಲು ಒಳಕ್ಕೆ ಮಡಚಿಕೊಂಡಿತು. ಟಕ್ ಎಂದು ಸದ್ದಾಗಿದ್ದು ನನಗೇ ಕೇಳಿಸಿತು. ನೋಡನೋಡುತ್ತಿದ್ದಂತೆ ಗಿಣ್ಣು ಬದನೆಕಾಯಿಯಂತೆ ಊದಿಕೊಂಡಿತು. ನಾನು ಅತ್ತದ್ದು ನೋವಿಗಲ್ಲ, ಅಪ್ಪನ ಮಾತಿಗೆ ಹೆದರಿ. ಹೆಣ್ಣುಮಕ್ಕಳಿಗೆ ಆಟ ಯಾಕೆ ಎನ್ನುತ್ತಲೇ ಆಡಲು ಬಿಟ್ಟಿದ್ದ ಅಪ್ಪ, ಕೈಕಾಲಿಗೆ ಏನಾದರೂ ಆದರೆ ಅವತ್ತೇ ಆಟ ಬಂದ್ ಎಂದು ಮೊದಲೇ ಹೇಳಿದ್ದರು. ಆಟ ಬಿಟ್ಟರೆ ನನಗೆ ಶಾಲೆಯಲ್ಲಿ ಬೇರೇನೂ ಇರಲಿಲ್ಲ... ಮಾರ್ಕ್ಸಂತೂ ಇರಲೇ ಇಲ್ಲ.

ಮೇಷ್ಟ್ರು ಐಸ್ ಕ್ಯಾಂಡಿ ಇಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ, ಮೊಪೆಡ್ಡಿನಲ್ಲಿ ಮನೆಗೆ ಕರೆತಂದರು. ದಾರಿಯುದ್ದಕ್ಕೂ ಕಾಲಿನಿಂದ ಕಿತ್ತಳೆ ನೀರು ತೊಟ್ಟಿಕ್ಕಿತು, ಮನೆ ತಲುಪಿ ಕೂತ ಮೇಲೆ ಇರುವೆ ಬಂದವು. ಶ್ರೀನಿವಾಸಪುರದ ಕಡೆಯ, ತೆಲುಗು ಮನೆಮಾತಿನ ನಮ್ಮಜ್ಜಿ ಆಗಲೇ ಎಣ್ಣೆ ಬಿಸಿಗೆ ಇಟ್ಟಿದ್ದಳು. ಉಳುಕು ಎಳೆಯುವವನೊಬ್ಬ ಪಕ್ಕದ ಊರಿನಲ್ಲಿದ್ದ. ಎಣ್ಣೆ ತಿಕ್ಕಿ, ಹೆಬ್ಬೆರಳು ಹಿಡಿದು ಜಗ್ಗುವುದು ಅವನ ವಿದ್ಯೆ. ಅವನನ್ನು ಕರೆತರಲು ಅಪ್ಪ ಚಪ್ಪಲಿ ಮೆಟ್ಟಿದ್ದರು.

"ನಾನಿರೋವಾಗ ಅವನ್ಯಾಕೆ?" ಅಂದರು ಮೇಷ್ಟ್ರು.

ಮೊದಲು ಬ್ಯಾಂಡೇಜ್ ಬಿಚ್ಚಿ ಗಿಣ್ಣಿನ ಎರಡೂ ಪಕ್ಕದ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗೋಡೆ ಹಿಡಿಸಿ ನಾಲ್ಕು ಹೆಜ್ಜೆ ಇಡಿಸಿದರು. ನಾನು ಕುಂಟುತ್ತಾ ಇಟ್ಟೆ. ಮೂಳೆಯ ಮೇಲೇ ನೋವಿದ್ದವರನ್ನು, ಕಾಲೂರಲು ಆಗದವರನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಮೂಳೆಗೆ ತಮ್ಮ ಕಾಲಿನ ಪವರ್ ಸಾಲದು, ಕೋಲಾರಕ್ಕೆ ಹೋಗಿ ಎಕ್ಸ್‌ರೇ ತೆಗೆಸಿ ಎಂದು ಕಳಿಸಿಬಿಡುತ್ತಿದ್ದರು. ನನ್ನದು ಹಾಗಿರಲಿಲ್ಲ. ಎಡಗಾಲಿನ ಶೂ ಕಳಚಿ, ಬೆರಳ ತುದಿಯನ್ನು ಗರಿ ಸೋಕಿದಂತೆ ಗಿಣ್ಣಿಗೆ ಸೋಕಿಸಿ, ತಕ್ಷಣ ಬಗ್ಗಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅಜ್ಜಿಯ ಕಡೆ ತಿರುಗಿದರು.

"ಪಥ್ಯ ಇದೆ ಅಜ್ಜಿ. ಎಣ್ಣೆ ತಿಕ್ಕೋ ಹಾಗಿಲ್ಲ, ಯಾರೂ ಎಳೆಯೋ ಹಾಗಿಲ್ಲ. ಕಾಲು ದಿಂಬಿನ ಮೇಲೇ ಇರ್ಬೇಕು. ತಪ್ಪಿದ್ರೆ ನಾನು ಒದ್ದಿದ್ದು ಫಲಿಸಲ್ಲ, ಆಮೇಲೆ ನನ್ನ ಕೇಳ್ಬೇಡಿ."

ಅಜ್ಜಿ ಒಲೆ ಆರಿಸಿದಳು. ಎರಡು ದಿನಕ್ಕೆ ಗಿಣ್ಣಿನ ನೀಲಿ ಜಾರಿ ಕಾಲ್ಬೆರಳವರೆಗೂ ಇಳಿಯಿತು. ಅಪ್ಪನಿಗೆ ಗಾಬರಿ. ಅಜ್ಜಿ ಮಾತ್ರ ವಿಷ ಇಳಿಯುತ್ತಿದೆ ಎಂದು ಖುಷಿಯಾಗಿ, "ವಿಷಂ ದಿಗ್ತಾ ಉಂದಿ" ಎಂದು ಬೀದಿಗೆಲ್ಲ ತೆಲುಗಿನಲ್ಲಿ ಸಾರಿದಳು. ನೋಡಲು ಬಂದ ಮೇಷ್ಟ್ರು ಹೌದು ಹೌದು ಎಂದು ತಲೆಯಾಡಿಸಿದರು. ನನಗೆ ಮಾತ್ರ ಮೆಲ್ಲಗೆ, ಒಳಗೆ ಕಟ್ಟಿದ್ದ ರಕ್ತ ಕಣೇ, ತಾನಾಗಿ ಕರಗುತ್ತೆ ಅಂದರು.

ಊತ ಇಳಿದ ಮೇಲೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿಸಿದರು, ಹಿಮ್ಮಡಿ ಎತ್ತಿ ಇಳಿಸುವುದು ಕಲಿಸಿದರು. ತಾಲ್ಲೂಕು ಪಂದ್ಯದ ಹಿಂದಿನ ದಿನ ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲು ಅಂದರು. ವಾಲಿಬಿಟ್ಟೆ. ಟೀಮಿನಿಂದ ನನ್ನ ಹೆಸರು ತೆಗೆದರು. ನಾನು ರಂಪ ಮಾಡಿದೆ.

"ಮ್ಯಾಚ್ ಮುಂದಿನ ವರ್ಷಾನೂ ಇರುತ್ತೆ ಕಣಮ್ಮ. ಇನ್ನೊಂದು ಕಾಲು ಎಲ್ಲಿಂದ ತರ್ಲಿ?"

ಮುಂದಿನ ವರ್ಷ ಆಡಿದೆ. ಕಾಲು ನೆಟ್ಟಗಿದ್ದುದರಿಂದ ಅಪ್ಪನಿಗೆ ಬೇಡ ಎನ್ನಲು ಕಾರಣ ಸಿಗಲಿಲ್ಲ. ಆ ಆಟವೇ ನನ್ನನ್ನು ಈ ಕೆಲಸದವರೆಗೆ ತಂದಿತು. ಮೇಷ್ಟ್ರು ರಿಟೈರ್ ಆಗಿ ಮುಳಬಾಗಿಲಿಗೆ ಹೋದರು. ಹಬ್ಬಕ್ಕೊಮ್ಮೆ ಫೋನು, ಬರ್ತೀನಿ ಸಾರ್ ಅನ್ನುವ ಮಾತು... ಹೋದದ್ದು ಹೋದ ವರ್ಷ, ಅವರು ತೀರಿಕೊಂಡ ಸುದ್ದಿ ಬಂದ ಮೇಲೆ.

ಮನೆಯಲ್ಲಿ ಅವರ ಅಕ್ಕ ಇದ್ದರು. ತುಂಬ ವಯಸ್ಸಾಗಿತ್ತು, ಬಲಗಾಲನ್ನು ಎಳೆದುಕೊಂಡು ನಡೆಯುತ್ತಿದ್ದರು. ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ ಎಂದು, ಕಾಲು ಮುಂದಾಗಿ ಹುಟ್ಟಿದ ಕೈಗುಣ, ಅಲ್ಲ ಕಾಲ್ಗುಣ, ನಮ್ಮನ್ನೆಲ್ಲ ಕಾಯಿತು ಅಂದೆ. ಅವರು ಅಳು ನಿಲ್ಲಿಸಿ ನನ್ನ ಮುಖ ನೋಡಿದರು.

"ಯಾರಮ್ಮಾ ಹಂಗಂದಿದ್ದು? ಎಲ್ರ ಹಾಗೇ ತಲೆ ಮುಂದಾಗಿ ಹುಟ್ದೋನು ಅವ್ನು. ಹೆರಿಗೆ ಮನೆ ಬಾಗ್ಲಲ್ಲೇ ನಿಂತಿದ್ದೆ ನಾನು."

ಆಮೇಲೆ ಸೀರೆಯ ಅಂಚು ಸರಿಸಿ ತಮ್ಮ ಗಿಣ್ಣು ತೋರಿಸಿದರು. ಅದು ಹೊರಕ್ಕೆ ತಿರುಗಿಕೊಂಡಿತ್ತು. ಚಿಕ್ಕವರಿದ್ದಾಗ ಕುಂಟೆಬಿಲ್ಲೆ ಆಡುವಾಗ ಬಿದ್ದರಂತೆ. ಉಳುಕು ಎಂದು ಎಳೆಸಿದರಂತೆ. ಮೂಳೆ ಬಿರುಕು ಬಿಟ್ಟಿತ್ತಂತೆ. ಎಳೆಯುವಾಗ ಕಾಲು ಹಿಡಿದುಕೊಳ್ಳಲು ಪುಟ್ಟ ತಮ್ಮನನ್ನೇ ಕೂರಿಸಿದ್ದರು ಎಂದರು.

ಕಳೆದ ವಾರ ನಮ್ಮ ಹುಡುಗಿಯ ಅಜ್ಜಿಯೂ ಆಟೋ ಮಾಡಿಕೊಂಡು ಬಂದಿದ್ದರು, ಮೊಮ್ಮಗಳನ್ನು ಎಳೆಸಲು ಕರೆದೊಯ್ಯುವುದಕ್ಕೆ. ನಾನು ಮೂಳೆ ಒತ್ತಿ ನೋಡಿದ್ದೆ, ಹೆಜ್ಜೆ ಇಡಿಸಿದ್ದೆ. ಎಳೆಸಬೇಡಿ, ನರಕ್ಕೆ ಪೆಟ್ಟಾಗುತ್ತೆ ಎಂದು ಎಷ್ಟು ಬಿಡಿಸಿ ಹೇಳಿದರೂ ಆಕೆ ಹುಡುಗಿಯ ಕೈ ಬಿಡಲಿಲ್ಲ.

"ಅಜ್ಜೀ, ನಾನು ಕಾಲು ಮುಂದಾಗಿ ಹುಟ್ಟಿದೋಳು" ಅಂದೆ.

ಆಕೆ ಕೈ ಬಿಟ್ಟರು. ಎಡಗಾಲಿನ ಶೂ ಕಳಚಿ, ಬೆರಳ ತುದಿ ಸೋಕಿಸಿ, ಬಗ್ಗಿ ಹುಡುಗಿಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪಥ್ಯ ಹೇಳಿದೆ. ಹುಡುಗಿ ದಿಂಬಿನ ಮೇಲೆ ಕಾಲಿಟ್ಟುಕೊಂಡು ಮನೆಯಲ್ಲಿದ್ದಾಳೆ, ಊತ ಇಳಿಯುತ್ತಿದೆ. ಅವತ್ತು ಸಂಜೆ ಇದನ್ನು ಮೇಷ್ಟ್ರಿಗೆ ಹೇಳಿ ನಗಿಸಬೇಕೆಂದು ಫೋನ್ ಕೈಗೆತ್ತಿಕೊಂಡೆ... ನಂಬರ್ ಇನ್ನೂ ಇದೆ, ಮೇಷ್ಟ್ರಿಲ್ಲ.