ಭಾವ ಕಿತ್ತುಹಾಕಿದ ಟ್ರಿಪ್ ಸ್ವಿಚ್

ನನ್ನ ಭಾವ ಎಲೆಕ್ಟ್ರಿಷಿಯನ್. ಬೀದಿಯವರೆಲ್ಲ ಅವನನ್ನು ಕರೆಯುವುದು 'ಕರೆಂಟ್' ಎಂದು. ಆ ಹೆಸರು ಕೇಳಿದರೆ ಅವನ ಎದೆ ಗೇಣುದ್ದ ಉಬ್ಬುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ. ಕಂಡವರ ಮನೆಯಲ್ಲಿ ಅವನ ದರ್ಬಾರು ನೋಡಬೇಕು! ನೆಲಮಾಳಿಗೆಗೆ ಇಳಿದವನೇ ಗೋಡೆ ಮುಟ್ಟಿ ನೋಡಿ ಮನೆಯವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. "ಸಾಕೆಟ್ ಇಷ್ಟು ಕೆಳಗಿಟ್ಟಿದೀರಲ್ಲ, ನೀರು ನಿಂತ್ರೆ ಗತಿ ಏನು? ಅರ್ಥಿಂಗ್ ಎಲ್ಲಿ? ಟ್ರಿಪ್ ಸ್ವಿಚ್ ಇಲ್ದೆ ನಾನಿಲ್ಲಿ ಒಂದು ವೈರೂ ಮುಟ್ಟಲ್ಲ." ಕರೆಂಟ್ ಸೋರಿದ ಕೂಡಲೇ ತಾನಾಗಿ ಬಿದ್ದು ಜೀವ ಉಳಿಸುವ ಆ ಸ್ವಿಚ್ಚಿನ ಬಗ್ಗೆ ಅವನು ಗಂಟೆಗಟ್ಟಲೆ ಕೊರೆಯಬಲ್ಲ.

ಅವನ ಸ್ವಂತ ಮನೆಯ ನೆಲಮಾಳಿಗೆಯಲ್ಲಿ ಅಕ್ಕ ಬಟ್ಟೆ ಒಗೆಯುತ್ತಾಳೆ. ಗೋಡೆ ಸದಾ ಬೆವರುತ್ತದೆ, ನೆಲ ಒಣಗಿದ್ದನ್ನು ನಾನು ಕಂಡಿಲ್ಲ. ಸಾಕೆಟ್ ಇದ್ದದ್ದು ನೆಲಕ್ಕೆ ಅಂಟಿಕೊಂಡಂತೆ. ಟ್ರಿಪ್ ಸ್ವಿಚ್ ಏನೋ ಇತ್ತು, ಆದರೆ ವಾಷಿಂಗ್ ಮೆಷಿನ್ ಹಾಕಿದಾಗಲೆಲ್ಲ ಅದು ಟಪ್ಪೆಂದು ಬೀಳುತ್ತಿತ್ತು, ಮೇಲೆ ಭಾವ ನೋಡುತ್ತಿದ್ದ ಟೀವಿಯೂ ಆರಿಹೋಗುತ್ತಿತ್ತು. ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ಬಿಟ್ಟು ಈ ಮಹಾಶಯ ಸ್ವಿಚ್ಚನ್ನೇ ಕಿತ್ತುಹಾಕಿ ತಂತಿಯನ್ನು ನೇರ ಸೇರಿಸಿಬಿಟ್ಟ. ಎಲೆಕ್ಟ್ರಿಷಿಯನ್ ಮನೆಯಲ್ಲಿ ಕರೆಂಟ್ ಹೋಗುವುದು ಮರ್ಯಾದೆ ಪ್ರಶ್ನೆಯಂತೆ!

ಆಮೇಲೆ ಮೆಷಿನ್ ಮುಟ್ಟಿದರೆ ಅಕ್ಕನ ಕೈ ಜುಮ್ಮೆನ್ನತೊಡಗಿತು. ಹೇಳಿದ್ದಕ್ಕೆ ಅವನು, "ನಿಂಗೆ ಮೈಯಲ್ಲಿ ರಕ್ತ ಕಡಿಮೆ, ಟಾನಿಕ್ ತಗೋ" ಅಂದ. ನನ್ನ ಅಕ್ಕ, ಆ ಪೆದ್ದಿ, ಬಾಟಲಿ ಮೇಲೆ ಬಾಟಲಿ ಕುಡಿದಳು. ಅವಳ ಮೇಲೂ ನನಗೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ. "ಭಾವ, ಒಂದಿನ ಅವಳು ಅಲ್ಲೇ ಹೆಣವಾಗ್ತಾಳೆ" ಎಂದು ನಾನು ಕೂಗಾಡಿದರೆ, "ನನ್ನ ಕೆಲಸ ನಂಗೆ ಕಲಿಸ್ಬೇಡಮ್ಮ" ಎಂದು ಟೀವಿಯ ಸದ್ದು ಜಾಸ್ತಿ ಮಾಡಿದ.

ಹೋದ ಭಾನುವಾರ ಮೆಷಿನ್ನಿನಿಂದ ಒದ್ದೆ ಬೆಡ್‌ಶೀಟ್ ಎಳೆಯುತ್ತಿದ್ದ ಅಕ್ಕ ಚೀರಿ ಹಿಂದಕ್ಕೆ ಬಿದ್ದಳು. ಮೊಣಕೈ ತರಚಿತ್ತು, ತುಟಿ ಬಿಳುಚಿಕೊಂಡಿತ್ತು. ನನ್ನ ಬೊಬ್ಬೆ ಕೇಳಿ ಭಾವ ನಿಧಾನಕ್ಕೆ ಮೆಟ್ಟಿಲಿಳಿದು ಬಂದ. ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ. ಮೆಷಿನ್ನಿನ ಮೇಲೆ ಅಂಗೈ ಊರಿ, "ನೋಡು, ನಂಗೇನೂ ಆಗ್ತಿಲ್ಲ. ಇವಳದ್ದು ಬರೀ ನಾಟಕ" ಎಂದು ಹಲ್ಲು ಕಿರಿದ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ಕೂತಳು.

"ರೀ, ಚಪ್ಪಲಿ ಬಿಟ್ಟು ಮುಟ್ಟಿ."

"ಏನು?"

"ನಾನು ಬರಿಗಾಲಲ್ಲಿ ನಿಂತಿದ್ದ ಜಾಗದಲ್ಲೇ ನಿಂತು ಮುಟ್ಟಿ. ನಿಮ್ಮ ಮೈಯಲ್ಲಿ ರಕ್ತ ಬೇಕಾದಷ್ಟಿದೆಯಲ್ಲ."

ಅವನು ನಕ್ಕ. ಮತ್ತೊಮ್ಮೆ ನಕ್ಕ. ಒದ್ದೆ ನೆಲ ನೋಡಿದ. ಚಪ್ಪಲಿಯಿಂದ ಹಿಮ್ಮಡಿ ಎತ್ತಿದವನು ಹಾಗೇ ಮತ್ತೆ ಊರಿದ. ಮೆಷಿನ್ನಿನ ಮೇಲಿದ್ದ ಕೈ ಜಾರಿತು. "ಎಲ್ಲರಿಗೂ ತಲೆ ಕೆಟ್ಟಿದೆ" ಎಂದು ಗೊಣಗುತ್ತ ಪ್ಲಗ್ ಕಿತ್ತು ಮೇಲೆ ಹೋದ.

ಅದೇ ಮಧ್ಯಾಹ್ನ ಹೊಸ ಟ್ರಿಪ್ ಸ್ವಿಚ್ ಬಂತು, ಸಾಕೆಟ್ ಸೊಂಟದೆತ್ತರಕ್ಕೆ ಏರಿತು, ಅರ್ಥಿಂಗೂ ಆಯಿತು. ಮೆಷಿನ್ನಿನ ಹಿಂದೆ ಸಿಪ್ಪೆ ಸುಲಿದ ವೈರೊಂದು ಸಿಕ್ಕಿತು. ಇದನ್ನೂ ಅವನು ಬೀದಿಯಲ್ಲಿ ತನ್ನ ಹೆಚ್ಚುಗಾರಿಕೆ ಎಂದೇ ಕೊಚ್ಚಿಕೊಂಡ. ಸಂಜೆ ಅಕ್ಕನಿಗೆ, "ಈಗ ಸರಿಹೋಯ್ತಲ್ಲ, ಇನ್ನೂ ಯಾಕೆ ಮುಖ ಊದಿಸ್ಕೊಂಡಿದೀಯ?" ಎಂದ.

ಅಕ್ಕ ಅವನ ಕಡೆ ತಿರುಗಲಿಲ್ಲ. ನನಗೆ ಹೇಳಿದಳು: "ನನ್ನ ಮೈಯೇ ಸರಿಯಿಲ್ಲ ಅಂತ ಇವರು ನಿಜವಾಗ್ಲೂ ನಂಬಿದಾರೆ ಅಂದ್ಕೊಂಡಿದ್ದೆ ಕಣೇ. ಇವರಿಗೆ ಗೊತ್ತಿತ್ತು."