ಅಕ್ಕನಿಗೆ ಕನ್ನಡ ಮರಳಿ ಬಂದ ದಿನಗಳು

ನಂಗಲಿಯ ನಮ್ಮ ಮನೆಯಲ್ಲಿ ಆಡುತ್ತಿದ್ದದ್ದು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ. ಮದುವೆಯಾಗಿ ಮಾಲೂರಿನ ಹತ್ತಿರದ ಲಕ್ಕೂರಿಗೆ ಹೋದ ಮೇಲೆ ಅಕ್ಕನಿಗೆ ಕನ್ನಡವೇ ಮನೆಮಾತಾಯಿತು. ಅಕ್ಕ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದಳು, ಭಾವ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದರು. ಅವರಿಗೆ ತೆಲುಗು ಬರುತ್ತಿರಲಿಲ್ಲ. ನಾನೂ ಅಕ್ಕನೂ ಫೋನಿನಲ್ಲಿ ಹರಟುವಾಗ, "ಏನು, ನನ್ ಮೇಲೆ ಚಾಡಿನಾ?" ಎಂದು ರೇಗಿಸುತ್ತಿದ್ದರು.

ನಾನು ಮುಳಬಾಗಿಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಒಂದು ಬೆಳಿಗ್ಗೆ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುತ್ತಿದ್ದಾಗ ಭಾವನ ಫೋನ್ ಬಂತು. "ನಿಮ್ಮಕ್ಕ ನನ್ ಜೊತೇನೂ ತೆಲುಗಲ್ಲೇ ಮಾತಾಡ್ತಾವ್ಳೆ ಕಣಮ್ಮ. ತಮಾಷೆ ಅಂದ್ಕೊಂಡೆ. ಹುಳಕ್ಕೆ ಸೊಪ್ಪು ಹಾಕಿದ್ಯಾ ಅಂದ್ರೆ ಸುಮ್ನೆ ನನ್ ಮುಖ ನೋಡ್ತಾಳೆ."

ಫೋನ್ ಅಕ್ಕನ ಕೈಗೆ ಕೊಡಿಸಿ, ಕನ್ನಡದಲ್ಲಿ ಏನಾದರೂ ಹೇಳೆಂದೆ. ಏನೋ ಹೇಳಲು ಹೋಗಿ ನಿಲ್ಲಿಸಿದಳು. ಆಮೇಲೆ ಅಳು. "ರಾವಟ್ಲೇದೇ" ಎಂದಳು. ಬರುತ್ತಿಲ್ಲ ಕಣೇ ಎಂದು.

ಕೋಲಾರದಲ್ಲಿ ಸ್ಕ್ಯಾನ್ ಮಾಡಿಸಿದೆವು. ಮೆದುಳಿನ ಎಡಭಾಗದಲ್ಲಿ ಗೆಡ್ಡೆ ಇತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಮಾತಿನ ಜಾಗಕ್ಕೆ ಪೆಟ್ಟಾಗದಂತೆ ಸಾಧ್ಯವಾದಷ್ಟನ್ನು ತೆಗೆದರು. ಚಿಕ್ಕಂದಿನ ಭಾಷೆ ಉಳಿದು ಆಮೇಲೆ ಕಲಿತದ್ದು ಹೋಗುವುದು ಕೆಲವರಲ್ಲಿ ಉಂಟು, ಯಾರಲ್ಲಿ ಯಾವುದು ಹೋಗುತ್ತದೆಂದು ಮೊದಲೇ ಹೇಳಲಾಗದು ಎಂದರು ಡಾಕ್ಟರು. ಅಂದಿನಿಂದ ಗಂಡಹೆಂಡಿರ ನಡುವೆ ನಾನು ದುಭಾಷಿಯಾದೆ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಒಂದೇ ಮನೆಯಲ್ಲಿ ಬಾಳಿದವರು ಮಂಚದ ಆಚೆ ಈಚೆ ಕೂತು ನನ್ನ ಬಾಯಿ ನೋಡುತ್ತಿದ್ದರು. "ಆಯಪ್ಪ ತಿನ್ನಾಡಾ?" ಎಂದು ಅಕ್ಕ ಕೇಳುವಳು. ಊಟ ಆಯ್ತಾ ಅಂತ ಕೇಳ್ತಾಳೆ ಭಾವ, ಎಂದು ನಾನು ಹೇಳಬೇಕು. ಅಷ್ಟು ಸಣ್ಣ ಮಾತಿಗೂ ಅವರು ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುವರು.

ತೆಗೆದ ಗೆಡ್ಡೆಯ ಜೀನ್ ಪರೀಕ್ಷೆ ಮಾಡಬೇಕೆಂದರು. ಚಿಕಿತ್ಸೆಗೆ ಅದು ಬೇಕಿತ್ತು. ಅದೇ ಆಸ್ಪತ್ರೆಯ ಸಂಶೋಧನಾ ವಿಭಾಗದ ಹುಡುಗಿಯೊಬ್ಬಳು ಬಂದು, ಉಳಿದ ಚೂರನ್ನು ತಮ್ಮ ಅಧ್ಯಯನಕ್ಕೆ ಕೊಡುವಿರಾ ಎಂದು ಭಾವನನ್ನು ಕೇಳಿದಳು. ಭಾವ ಒಪ್ಪಲಿಲ್ಲ. ಜೀನ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರಿಗೆ ವಂಶದ ಚಿಂತೆ ಹತ್ತಿತ್ತು. ಆ ಮಾತು ಅವರಿಗಿಂತ ಮುಂಚೆ ಲಕ್ಕೂರು ತಲುಪಿತ್ತು. "ತವರಿಂದ ತಂದಿರೋ ಕಾಯಿಲೆ" ಎಂದರು ಭಾವನ ಅಕ್ಕ. ಆಗ ನನ್ನ ಅಕ್ಕನ ಮಗಳಿಗೆ ಶ್ರೀನಿವಾಸಪುರದ ಮಾವಿನ ತೋಟದವರ ಮನೆಯಿಂದ ಸಂಬಂಧ ಬಂದಿತ್ತು. ಅವರ ಕಡೆಯಿಂದ ಫೋನು ನಿಂತಿತು.

ನಾನೇ ಡಾಕ್ಟರನ್ನು ಕೇಳಿದೆ. "ಇವರಲ್ಲಿ ಆಗಿರೋ ಬದಲಾವಣೆ ಆ ಗೆಡ್ಡೆಯೊಳಗೇ ಆಗಿರೋದು. ಹುಟ್ಟಿನಿಂದ ಬಂದಿದ್ದಲ್ಲ. ಮಗಳಿಗೂ ಹೋಗಲ್ಲ, ನಿಮಗೂ ಇಲ್ಲ" ಎಂದರು. ಪಾಠದಲ್ಲಿ ನಾನೇ ಇದನ್ನು ಮಕ್ಕಳಿಗೆ ಹೇಳಿದ್ದುಂಟು. ಆದರೂ ಡಾಕ್ಟರ ಬಾಯಿಂದ ಅದನ್ನು ಕೇಳಬೇಕಿತ್ತು.

ಆಪರೇಷನ್ ಆದ ಮೇಲೆ ಕೊಟ್ಟ ವಿಕಿರಣ ಚಿಕಿತ್ಸೆ ಮುಗಿದ ಕೆಲವು ತಿಂಗಳಿಗೆ, ಉಳಿದ ಗೆಡ್ಡೆಯ ಸುತ್ತ ಮೆದುಳಿನಲ್ಲಿ ಬಾವು ಏರಿತು. ತೆಲುಗೂ ತೊದಲತೊಡಗಿತು. ಆಗ ಡಾಕ್ಟರು ಇನ್ನೊಂದು ಔಷಧಿಯ ಮಾತೆತ್ತಿದರು. ಗೆಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಬೆಳೆಸಿಕೊಳ್ಳುತ್ತದೆ, ಅವಸರದಲ್ಲಿ ಬೆಳೆದ ಆ ನಾಳಗಳು ಸೋರುತ್ತವೆ, ಸೋರಿದ ನೀರು ಸುತ್ತಲಿನ ಮೆದುಳನ್ನು ಒತ್ತುತ್ತದೆ ಎಂದು ವಿವರಿಸಿದರು. "ಈ ಔಷಧಿ ಸೋರೋದನ್ನ ಕಮ್ಮಿ ಮಾಡುತ್ತೆ. ಸ್ಕ್ಯಾನ್ ಚೆನ್ನಾಗಿ ಕಾಣುತ್ತೆ, ಅವರೂ ಗೆಲುವಾಗಬಹುದು. ಆದ್ರೆ ಕಾಯಿಲೆ ಹೋಯ್ತು ಅಂದ್ಕೋಬೇಡಿ."

ಆ ಔಷಧಿಯ ಎರಡನೆಯ ಡ್ರಿಪ್ ಆದ ಮೇಲೆ ಒಂದು ಮಧ್ಯಾಹ್ನ ನಾನು ಲಕ್ಕೂರಿನಲ್ಲಿದ್ದೆ. ಭಾವ ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದರು. ಗೋಡೆಗೊರಗಿ ಕೂತಿದ್ದ ಅಕ್ಕ, "ಯಾಕ್ರೀ, ಇಷ್ಟ್ ಸಣ್ಣಾಗಿದ್ದೀರಾ?" ಎಂದಳು.

ಕನ್ನಡದಲ್ಲಿ! ಭಾವ ಒಂದು ಕಾಲಿಗೆ ಚಪ್ಪಲಿ ಇದ್ದಂತೆಯೇ ಒಳಗೆ ಬಂದು ಅವಳ ಮುಂದೆ ಕೂತರು. "ಇನ್ನೊಂದ್ಸಲ ಹೇಳು" ಎಂದರು. ನಾನು ಹಿತ್ತಿಲಿಗೆ ಹೋದೆ. ಅಲ್ಲಿ ನನ್ನ ಕೆಲಸವಿರಲಿಲ್ಲ.

ಔಷಧಿ ಕಾಯಿಲೆಯನ್ನೇ ವಾಸಿಮಾಡಿತೆಂದು ಭಾವ ನಂಬಿದರು. ಡಾಕ್ಟರ ಮಾತನ್ನು ನೆನಪಿಸಿದ್ದು ಅಕ್ಕನೇ. "ನೀರು ಬತ್ತೈತೆ ಅಷ್ಟೇ ಕಣ್ರೀ. ಗೆಡ್ಡೆ ಅಲ್ಲೇ ಐತೆ. ಮಾತಿರೋವಾಗ ಮಾತಾಡ್ಬಿಡಾಣ."

ಮಾತಾಡಿದಳು. ಶ್ರೀನಿವಾಸಪುರಕ್ಕೆ ತಾನೇ ಫೋನ್ ಮಾಡಿ, ಹುಡುಗನ ತಾಯಿಗೆ, "ಇದು ವಂಶದ್ದಲ್ಲಮ್ಮ, ಡಾಕ್ಟ್ರೇ ಹೇಳವ್ರೆ. ನಂಬೋದು ಬಿಡೋದು ನಿಮ್ಮಿಷ್ಟ. ಅನುಮಾನ ಇಟ್ಕೊಂಡು ಮಾತ್ರ ನನ್ ಮಗಳನ್ನ ಕರ್ಕೊಂಡ್ಹೋಗ್ಬೇಡಿ" ಎಂದಳು. ಅವರು ಮರ್ಯಾದೆಯಿಂದಲೇ ಕೇಳಿಸಿಕೊಂಡರು. ಮತ್ತೆ ಬರಲಿಲ್ಲ. ಮಗಳು ಅಮ್ಮನ ತಲೆಗೆ ಎಣ್ಣೆ ಹಚ್ಚಿದಳು, ಗಾಯದ ಗುರುತನ್ನು ಬಿಟ್ಟು, ಸುತ್ತ.

ಮುಂದಿನ ಡ್ರಿಪ್‌ಗೆ ಹೋದಾಗ ಸಂಶೋಧನೆಯ ಆ ಹುಡುಗಿಯನ್ನು ಅಕ್ಕನೇ ಕರೆಸಿ, ಆಸ್ಪತ್ರೆಯಲ್ಲೇ ಉಳಿದಿರುವ ಆ ಚೂರು ತೆಗೆದುಕೊಂಡು ಏನು ಮಾಡುತ್ತೀರಿ ಎಂದು ಕೇಳಿದಳು. ಈ ಔಷಧಿ ಕೆಲವರ ರಕ್ತನಾಳಗಳ ಮೇಲೆ ಬೇಗ ಕೆಲಸ ಮಾಡುತ್ತದೆ, ಕೆಲವರಲ್ಲಿ ಮಾಡುವುದೇ ಇಲ್ಲ, ಗೆಡ್ಡೆಯ ಜೀನುಗಳಲ್ಲಿ ಅದಕ್ಕೆ ಕಾರಣ ಸಿಗುತ್ತದೆಯೇ ಎಂದು ಹುಡುಕುತ್ತಿದ್ದೇವೆ ಎಂದಳು ಹುಡುಗಿ. ನಿಮಗೆ ಇದರಿಂದ ಉಪಯೋಗವಾಗದಿರಬಹುದು ಎಂದೂ ಸೇರಿಸಿದಳು. ಅಕ್ಕ ಭಾವನ ಕಡೆ ತಿರುಗಿದಳು. "ನನ್ ತಲೇಲಿದ್ದಿದ್ದು ತಾನೇ? ನಾನೇ ಕೊಡ್ತೀನಿ." ಭಾವ ಒಪ್ಪಿ ತಲೆಯಾಡಿಸಿದರು. ಅವಳು ನಿಧಾನವಾಗಿ, ಕನ್ನಡದಲ್ಲೇ ಸಹಿ ಹಾಕಿದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಔಷಧಿಯ ಕಸುವು ಮುಗಿಯಿತು. ಕನ್ನಡ ಮತ್ತೆ ಹೋಯಿತು. ಈ ಸಲ ಭಾವ ನನ್ನನ್ನು ಕರೆಯಲಿಲ್ಲ. ಫ್ಯಾಕ್ಟರಿಯಲ್ಲಿ ಜೊತೆಗಿದ್ದ ಕುಪ್ಪಂ ಕಡೆಯವನಿಂದ ಒಂದಷ್ಟು ತೆಲುಗು ಕಲಿತಿದ್ದರು. "ನೊಪ್ಪಿ ಉಂದಾ?" ಎಂದು ಹಣೆ ಮುಟ್ಟಿ ಕೇಳುತ್ತಿದ್ದರು, ನೋವಿದೆಯಾ ಎಂದು. ಉಚ್ಚಾರ ತಪ್ಪಿದಾಗ ಅಕ್ಕ ನಗುತ್ತಿದ್ದಳು. ಕೊನೆಗೆ ಆ ನಗುವೂ ನಿಂತಿತು. ಮನೆಯಲ್ಲೇ, ನಾವೆಲ್ಲ ಸುತ್ತ ಇದ್ದಾಗ ಹೋದಳು.

ಕಾರ್ಯವೆಲ್ಲ ಮುಗಿದ ಮೇಲೆ ಭಾವ, ಆ ಲ್ಯಾಬ್ ನೋಡಬೇಕು ಎಂದರು. ಇಬ್ಬರೂ ಹೋದೆವು. ಹುಡುಗಿ ನಮ್ಮನ್ನು ಒಂದು ಎತ್ತರದ ಫ್ರೀಜರ್ ಮುಂದೆ ನಿಲ್ಲಿಸಿದಳು. ಚೂರು ಇದರೊಳಗಿದೆ, ಆದರೆ ಬಾಗಿಲು ತೆರೆಯುವಂತಿಲ್ಲ ಎಂದಳು.

"ಏನಾದ್ರೂ ಗೊತ್ತಾಯ್ತಾಮ್ಮ?" ಎಂದು ಕೇಳಿದರು ಭಾವ.

"ಇನ್ನೂ ಇಲ್ಲ, ಅಂಕಲ್. ತುಂಬಾ ಜನರದ್ದು ನೋಡ್ಬೇಕು. ವರ್ಷಗಳಾಗುತ್ತೆ."

"ಆಗ್ಲಿ" ಎಂದರು. "ನಿಧಾನವಾಗೇ ನೋಡಿ." ಫ್ರೀಜರಿನ ಬಿಳಿ ಬಾಗಿಲ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಮಾಲೂರಿನ ಬಸ್ಸಿಗೆ ಹೊತ್ತಾಯಿತೆಂದು ನಾವು ಹೊರಟೆವು.